ಬೂಸ್ಟ್ ಲೀಕ್ ಟೆಸ್ಟರ್: ಹಳೆಯ ಟರ್ಬೊ ಗಾಡಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಸಾಮಾನು

ಎಂಜಿನ್‌ಗೆ ಹವಾ ಒತ್ತಿ ತುಂಬುವ ಟರ್ಬೊದ ಒತ್ತಡವನ್ನು, ಅಂದರೆ ಬೂಸ್ಟನ್ನು, ತೋರಿಸುವ ಗೇಜಿನ ಮುಳ್ಳು ಒಂದು ಬಾರ್ ಮುಟ್ಟಿ, ಅಲ್ಲಿ ನಿಲ್ಲದೆ 0.7ಕ್ಕೆ ಜಾರುತ್ತದೆ. 4,500 ಆರ್‌ಪಿಎಂ ದಾಟಿದರೆ ಗಾಡಿ ಮುಗ್ಗರಿಸುತ್ತದೆ, ಹಿಂದೆ ಕಪ್ಪು ಹೊಗೆ. ಸಿಗ್ನಲ್‌ನಲ್ಲಿ ನಿಂತಾಗ ಐಡ್ಲಿಂಗ್ 700ಕ್ಕೂ 1,200ಕ್ಕೂ ನಡುವೆ ತೂಗಾಡುತ್ತದೆ. ಈ ಮೂರನ್ನೂ ಒಟ್ಟಿಗೆ ಹೇಳಿದರೆ ನಮ್ಮ ಕಡೆ ಮಿಸ್ತ್ರಿಗಳಿಂದ ಬರುವ ಉತ್ತರ ಹೆಚ್ಚುಕಮ್ಮಿ ಒಂದೇ: “ಟರ್ಬೊ ಹೋಗ್ಯಾದ್ರೀ ಸರ್, ಹೈದರಾಬಾದ್‌ನಿಂದ ತರಿಸಬೇಕು.” ತರಿಸುವ ಮುಂಚೆ ಎರಡು ತಾಸು ಕೊಟ್ಟು ಇನ್‌ಟೇಕ್ ಪೈಪುಗಳಿಗೆ ಹವಾ ತುಂಬಿ ನೋಡಿ. ಹಳೆಯ ಮಿತ್ಸುಬಿಷಿ 4ಜಿ63 ಎಂಜಿನ್‌ಗಳಲ್ಲಿ ಬಹಳ ಸಲ ಟರ್ಬೊ ಗಟ್ಟಿಯಾಗಿಯೇ ಇರುತ್ತದೆ. ಅದು ಒತ್ತಿ ಕಳಿಸಿದ ಹವಾ ಸಿಲಿಂಡರ್ ಮುಟ್ಟುವ ಮೊದಲೇ ದಾರಿಯಲ್ಲಿ ಸೋರಿಹೋಗುತ್ತಿರುತ್ತದೆ. ಟರ್ಬೊ ಮೂತಿ (ಅದು ಹವಾ ಎಳೆದುಕೊಳ್ಳುವ ಬಾಯಿ) ಮುಚ್ಚಿ ಹೊರಗಿನಿಂದ ಹವಾ ತುಂಬಿ, ಎಲ್ಲಿ ಸೋರುತ್ತಿದೆ ಎಂದು ತೋರಿಸಿಕೊಡುವ ಸಾಮಾನು ಬೂಸ್ಟ್ ಲೀಕ್ ಟೆಸ್ಟರ್.

ಇಲ್ಲಿ ಬರೆಯುತ್ತಿರುವುದು ಆನ್‌ಲೈನ್‌ನಲ್ಲಿ ಎರಡೂವರೆ ಸಾವಿರ ರೂಪಾಯಿ ಆಸುಪಾಸಿಗೆ ಬರುವ, ಮೇಲೆ ಯಾವ ಬ್ರ್ಯಾಂಡಿನ ಹೆಸರೂ ಇಲ್ಲದ ಅಲ್ಯೂಮಿನಿಯಂ ಕಿಟ್ ಬಗ್ಗೆ. ಪರೀಕ್ಷೆ ನಡೆದದ್ದು ಕಲಬುರಗಿಯಲ್ಲಿ, 4ಜಿ63 ಟರ್ಬೊ ಕೂರಿಸಿದ ಲ್ಯಾನ್ಸರ್ ಮೇಲೆ. ಹಿಂದುಸ್ತಾನ್ ಮೋಟಾರ್ಸ್ 1998ರಿಂದ ಮಾರಿದ ಲ್ಯಾನ್ಸರ್ ಅದು. 1992ರ ಮೊದಲ ಲ್ಯಾನ್ಸರ್ ಎವೊದಿಂದ ಎವೊ 9ರವರೆಗೆ, ಅದಕ್ಕೂ ಹಿಂದಿನ ಗ್ಯಾಲಂಟ್ ವಿಆರ್-4ರಲ್ಲಿ, ಇದೇ 1,997 ಸಿಸಿ ಎಂಜಿನ್ ಇತ್ತು. ಹಾಗಾಗಿ ಮುಂದೆ ಹೇಳುವುದು ಬಹುಪಾಲು ಅವಕ್ಕೂ ಸಲ್ಲುತ್ತದೆ.

ಮೊದಲು ಸೋರಿಕೆ ಇಷ್ಟು ಕಾಟ ಕೊಡುವುದು ಏಕೆ ಎಂಬುದು. ಈ ಎಂಜಿನ್‌ನಲ್ಲಿ ಹವಾ ಅಳೆಯುವ ಸೆನ್ಸರ್ ಕಾರ್ಮನ್ ವೋರ್ಟೆಕ್ಸ್ ಜಾತಿಯದು, ಏರ್ ಫಿಲ್ಟರ್ ಪಕ್ಕದಲ್ಲಿ, ಟರ್ಬೊಗಿಂತ ಮುಂಚೆಯೇ ಕೂತಿರುತ್ತದೆ. ಒಳಗೆ ಎಷ್ಟು ಹವಾ ಹೋಯಿತು ಎಂದು ಅದು ಎಣಿಸುತ್ತದೆ, ಎಂಜಿನ್‌ನ ಕಂಪ್ಯೂಟರ್ ಆದ ಇಸಿಯು ಆ ಲೆಕ್ಕಕ್ಕೆ ಪೆಟ್ರೋಲ್ ಸುರಿಯುತ್ತದೆ. ಎಣಿಕೆ ಆದ ಮೇಲೆ ಪೈಪಿನಿಂದ ಸೋರಿದ ಹವಾದ ಸುದ್ದಿ ಇಸಿಯುಗೆ ಗೊತ್ತೇ ಆಗುವುದಿಲ್ಲ. ಇಲ್ಲದ ಹವಾಕ್ಕೂ ಪೆಟ್ರೋಲ್ ಬೀಳುತ್ತದೆ, ಮಿಶ್ರಣ ದಪ್ಪಗಾಗುತ್ತದೆ, ಪ್ಲಗ್ಗು ಮಸಿ ಹಿಡಿಯುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಬೆಂಕಿ ತಪ್ಪುತ್ತದೆ. ಮಿತ್ಸುಬಿಷಿ ಇಸಿಯು ಫ್ಯೂಯಲ್ ಕಟ್ ಕೊಡುವುದೂ (ಮಿತಿ ಮೀರಿದಾಗ ಪೆಟ್ರೋಲ್ ನಿಲ್ಲಿಸುವುದು) ಇದೇ ಹವಾದ ಎಣಿಕೆ ನೋಡಿಯೇ. ಆದ್ದರಿಂದ ಸೋರುವ ಗಾಡಿಯಲ್ಲಿ ಬೂಸ್ಟ್ ಕಮ್ಮಿ ಇದ್ದರೂ ಫ್ಯೂಯಲ್ ಕಟ್ ಬೇಗ ಬರಬಹುದು. ‘ಬೂಸ್ಟೇ ಬರ್ತಿಲ್ಲ, ಆದರೂ ಕಟ್ ಆಗ್ತಿದೆ’ ಎಂದು ತಲೆ ಕೆಡಿಸಿಕೊಂಡವರು ಮೊದಲು ಇಲ್ಲಿ ನೋಡಬೇಕು.

ಒಂದು ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 3 ಮಿ.ಮೀ. ತೂತಿನಿಂದ 15 ಪಿಎಸ್‌ಐ (ಸುಮಾರು ಒಂದು ಬಾರ್) ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 110 ಲೀಟರ್ ಹವಾ ಹೊರಗೆ ಹೋಗುತ್ತದೆ. ಅದೇ ಒತ್ತಡದಲ್ಲಿ 6,000 ಆರ್‌ಪಿಎಂನಲ್ಲಿ ಎರಡು ಲೀಟರ್ ಎಂಜಿನ್ ನುಂಗುವುದು ನಿಮಿಷಕ್ಕೆ ಹತ್ತು ಸಾವಿರ ಲೀಟರಿಗೂ ಮೇಲೆ. ಅಂದರೆ ಆ ತೂತಿನ ನಷ್ಟ ಶೇಕಡಾ ಒಂದರಷ್ಟು ಮಾತ್ರ, ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ಆದರೆ ಅದೇ ತೂತು ಥ್ರಾಟಲ್ (ಆಕ್ಸಲರೇಟರ್ ಒತ್ತಿದಾಗ ತೆರೆಯುವ ಹವಾದ ಬಾಗಿಲು) ದಾಟಿ, ಸಿಲಿಂಡರುಗಳಿಗೆ ಹವಾ ಹಂಚುವ ಮ್ಯಾನಿಫೋಲ್ಡ್ ಕಡೆ ಇದ್ದರೆ, ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಅದರೊಳಗಿಂದ ನಿಮಿಷಕ್ಕೆ ಐವತ್ತು ಲೀಟರಿಗೂ ಹೆಚ್ಚು ಹವಾ ಎಳೆದುಕೊಳ್ಳುತ್ತದೆ. ಐಡ್ಲಿಂಗ್‌ಗೆ ಎಂಜಿನ್‌ಗೆ ಬೇಕಾದದ್ದೇ ಇನ್ನೂರು ಲೀಟರ್ ಸುಮಾರು. ಕಾಲು ಭಾಗ ಹವಾ ಲೆಕ್ಕಕ್ಕೆ ಸಿಗದೆ ಒಳಗೆ ಬಂದರೆ ಐಡ್ಲಿಂಗ್ ಕುಣಿಯದೆ ಇನ್ನೇನಾದೀತು. ಹಾಗಾಗಿ ಐಡ್ಲಿಂಗ್ ತೂಗಾಡುತ್ತಿದ್ದರೆ ಥ್ರಾಟಲ್ ಬಾಡಿ ಮತ್ತು ಮ್ಯಾನಿಫೋಲ್ಡ್ ಸುತ್ತ ಹುಡುಕಿ. ಬೂಸ್ಟ್ ನಿಲ್ಲದೆ ಹೊಗೆ ಬರುತ್ತಿದ್ದರೆ ಇಂಟರ್‌ಕೂಲರ್ (ಒತ್ತಿದ ಹವಾ ತಣಿಸುವ ಭಾಗ) ಪೈಪು, ಪೈಪುಗಳನ್ನು ಜೋಡಿಸುವ ಕಪ್ಲರ್, ಆಕ್ಸಲರೇಟರ್ ಬಿಟ್ಟಾಗ ಹೆಚ್ಚಿನ ಹವಾ ಬಿಡುವ ಬ್ಲೋ ಆಫ್ ವಾಲ್ವ್ ಕಡೆ ದೊಡ್ಡ ಬಿರುಕಿದೆ ಎಂದು ತಿಳಿಯಿರಿ.

ಬಿಸಿಲಿನ ಲೆಕ್ಕ ಬೇರೆ ಇದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಮೇ ತಿಂಗಳ 43 ಡಿಗ್ರಿಯ ಹವಾವನ್ನು ಇಲ್ಲಿ 15 ಪಿಎಸ್‌ಐಗೆ ಒತ್ತಿದರೆ, ಟರ್ಬೊದ ದಕ್ಷತೆ ಶೇಕಡಾ 70 ಎಂದು ಹಿಡಿದರೂ, ಹೊರಬರುವ ಹವಾ 148 ಡಿಗ್ರಿ ಆಸುಪಾಸು. 25 ಡಿಗ್ರಿಯ ದಿನ ಇದೇ ಲೆಕ್ಕ 124ರ ಹತ್ತಿರ ನಿಲ್ಲುತ್ತದೆ. ಪೈಪು ಸೋರುತ್ತಿದ್ದರೆ ಮ್ಯಾನಿಫೋಲ್ಡ್‌ನಲ್ಲಿ ಅದೇ 15 ಮುಟ್ಟಿಸಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು, ಹವಾ ಇನ್ನೂ ಕಾಯುತ್ತದೆ, ನಾಕ್ (ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿಯುವುದು) ಹತ್ತಿರ ಬರುತ್ತದೆ. ಜನವರಿಯಲ್ಲಿ ಸಹಿಸಿಕೊಂಡ ಸೋರಿಕೆಯನ್ನು ಈ ಎಂಜಿನ್ ಏಪ್ರಿಲ್-ಮೇನಲ್ಲಿ ಸಹಿಸಿಕೊಳ್ಳುವುದಿಲ್ಲ. ಪರೀಕ್ಷೆಗೆ ಸರಿಯಾದ ಕಾಲ ಶಿವರಾತ್ರಿ ಆಸುಪಾಸು, ಬ್ಯಾಸಿಗೆ ಏರುವ ಮೊದಲು.

ಈಗ ಕಿಟ್ ವಿಷಯ. ಡಬ್ಬಿಯಲ್ಲಿ ಬರುವುದು ಮೆಟ್ಟಿಲು ಮೆಟ್ಟಿಲಾಗಿ ಕಡೆದ ಒಂದು ಅಲ್ಯೂಮಿನಿಯಂ ತುಂಡು, ಎರಡು ಸಿಲಿಕಾನ್ ಕಪ್ಲರ್, ನಾಲ್ಕು ಹೋಸ್ ಕ್ಲಿಪ್ಪು, ಒಂದು ಚಿಕ್ಕ ಗೇಜು, ಒಂದು ಬಾಲ್ ವಾಲ್ವ್, ಟೈರಿಗೆ ಹಾಕುವಂಥದ್ದೇ ಒಂದು ವಾಲ್ವ್ ಕಡ್ಡಿ. ಮೆಟ್ಟಿಲುಗಳ ಅಳತೆ 51, 63, 76, 89 ಮಿ.ಮೀ. ಅಲ್ಯೂಮಿನಿಯಂ ಕೆಲಸ ನಿಜಕ್ಕೂ ಚೆನ್ನಾಗಿದೆ. ವರ್ನಿಯರ್ ಹಿಡಿದು ನೋಡಿದರೆ ಅಳತೆ ಕೂದಲೆಳೆ ಬಿಟ್ಟರೆ ಸರಿ ಇದೆ, ಅಂಚು ನಯವಾಗಿದೆ, ಪ್ರತಿ ಮೆಟ್ಟಿಲಿಗೂ ರಬ್ಬರ್ ಜಾರದಂತೆ ಒಂದು ಸಣ್ಣ ಉಬ್ಬು ಬಿಟ್ಟಿದ್ದಾರೆ. ಆ ಉಬ್ಬು ಇಲ್ಲದ ಕಿಟ್‌ಗಳೂ ಮಾರಾಟದಲ್ಲಿವೆ, ಅವನ್ನು ಕೊಳ್ಳಲೇಬೇಡಿ.

ಏಕೆಂದರೆ ಇಲ್ಲಿನ ಬಲ ಸಣ್ಣದಲ್ಲ. 76 ಮಿ.ಮೀ. ವ್ಯಾಸದ ಮುಚ್ಚಳದ ಮೇಲೆ 15 ಪಿಎಸ್‌ಐ ಬಿದ್ದರೆ ಅದನ್ನು ಹೊರಗೆ ನೂಕುವ ಬಲ 48 ಕಿಲೊ. ಹತ್ತಿರ ಹತ್ತಿರ ಒಂದು ಸಿಮೆಂಟ್ ಚೀಲದ ತೂಕ. ಕ್ಲಿಪ್ಪು ಜಾರಿದರೆ ಆ ಅಲ್ಯೂಮಿನಿಯಂ ತುಂಡು ಎದುರಿಗಿದ್ದವರ ಮುಖಕ್ಕೇ ಬರುತ್ತದೆ. ಡಬ್ಬಿಯಲ್ಲಿ ಬರುವ ಕ್ಲಿಪ್ಪುಗಳು ತೆಳ್ಳಗಿವೆ, ಪಟ್ಟಿಯ ಮೇಲೆ ಉದ್ದುದ್ದ ಸೀಳಿರುವ ಜಾತಿ. ಬಿಗಿ ಮಾಡಿದಷ್ಟೂ ಸಿಲಿಕಾನ್ ಆ ಸೀಳಿನೊಳಗೆ ನುಗ್ಗಿ ಕತ್ತರಿಸಿಕೊಳ್ಳುತ್ತದೆ. ಮೊದಲ ದಿನವೇ ಅವನ್ನು ಬದಿಗಿಟ್ಟು ನಾಲ್ಕು ಟಿ-ಬೋಲ್ಟ್ ಕ್ಲಾಂಪ್ ತನ್ನಿ. ಪರೀಕ್ಷೆ ಮುಗಿದ ಮೇಲೆ ಅವೇ ಇಂಟರ್‌ಕೂಲರ್ ಪೈಪಿಗೂ ಕೆಲಸಕ್ಕೆ ಬರುತ್ತವೆ.

ಕಿಟ್‌ನ ದೊಡ್ಡ ದೋಷ ಗೇಜು. 0–60 ಪಿಎಸ್‌ಐ ಮುಖದ, ಒಂದೂವರೆ ಇಂಚಿನ ಗೇಜದು. ನಮಗೆ ಬೇಕಾದ 5ರಿಂದ 20ರವರೆಗಿನ ಭಾಗ ಮುಖದ ಕಾಲು ಭಾಗದಲ್ಲೇ ಮುಗಿದುಹೋಗುತ್ತದೆ, 12 ಮತ್ತು 14ರ ನಡುವಿನ ಅಂತರ ಮುಳ್ಳಿನ ದಪ್ಪಕ್ಕಿಂತ ಸ್ವಲ್ಪವೇ ಹೆಚ್ಚು. ಇಂಥ ಗೇಜು ಪೂರ್ತಿ ಅಳತೆಯ ಶೇಕಡಾ 3ರಷ್ಟು ತಪ್ಪು ತೋರಿಸಿದರೂ ಅದು 1.8 ಪಿಎಸ್‌ಐ. ಪರೀಕ್ಷಿಸಿದ ಕಿಟ್‌ನಲ್ಲಿ ತಪ್ಪು ಅದಕ್ಕೂ ಹೆಚ್ಚಿತ್ತು. ನಂಬಿಕೆಯ ಗೇಜು 15 ತೋರಿಸಿದಾಗ ಇದು 18 ತೋರಿಸಿತು. 0–30 ಪಿಎಸ್‌ಐನ, ಎರಡೂವರೆ ಇಂಚಿನ ಗೇಜನ್ನು ಕಾಲು ಇಂಚಿನ ಬಿಎಸ್‌ಪಿ ಚೂಡಿಯಲ್ಲಿ (ಪೈಪ್ ಥ್ರೆಡ್) ತಂದು ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಟೆಫ್ಲಾನ್ ಟೇಪು ಮೂರು ಸುತ್ತು ಸಾಕು.

ಇನ್ನೊಂದು ಕೊರತೆ ರೆಗ್ಯುಲೇಟರ್ ಇಲ್ಲದ್ದು. ಪಂಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕಿನಲ್ಲಿ 100 ಪಿಎಸ್‌ಐಗೂ ಮೇಲೆ ಇರುತ್ತದೆ. ಬಾಲ್ ವಾಲ್ವ್ ಒಂದನ್ನೇ ನಂಬಿ ಅದನ್ನು ನೇರ ಎಂಜಿನ್‌ಗೆ ಬಿಡುವುದು ತಪ್ಪು. ಒಂದು ಸೆಕೆಂಡ್ ಕೈ ತಪ್ಪಿದರೆ ಕ್ರ್ಯಾಂಕ್ ಸೀಲು, ವಾಲ್ವ್ ಕವರ್ ಗ್ಯಾಸ್ಕೆಟ್ಟು ಹೊರಗೆ ಬರುತ್ತವೆ. ಪೇಂಟ್ ಹೊಡೆಯುವವರು ಬಳಸುವ ಸಾದಾ ರೆಗ್ಯುಲೇಟರ್ ನಡುವೆ ಹಾಕಿಕೊಳ್ಳಿ. ಕಾರಿನ ಸಿಗರೇಟ್ ಲೈಟರ್‌ಗೆ ಚುಚ್ಚುವ 12 ವೋಲ್ಟಿನ ಹವಾ ಪಂಪು ಈ ಕೆಲಸಕ್ಕೆ ಬರುವುದಿಲ್ಲ. ಅದು ಕೊಡುವುದು ನಿಮಿಷಕ್ಕೆ ಮೂವತ್ತು ಲೀಟರ್ ಆಸುಪಾಸು, ಮೇಲೆ ಹೇಳಿದ 3 ಮಿ.ಮೀ. ತೂತೊಂದೇ ಅದನ್ನು ಸೋಲಿಸುತ್ತದೆ. ವಾಲ್ವ್ ಕಡ್ಡಿಯೊಳಗಿನ ಪಿನ್ನೂ ಹವಾ ತಡೆಯುತ್ತದೆ, ಪಂಚರ್ ಅಂಗಡಿಯವರ ಹತ್ತಿರ ಅದನ್ನು ಬಿಚ್ಚಿಸಿ ಅಲ್ಲಿ ಕ್ವಿಕ್ ಕಪ್ಲರ್ ಕೂರಿಸಿದರೆ ಕೆಲಸ ಬೇಗ.

ಇಷ್ಟು ದುಡ್ಡು ಯಾಕೆ, ಪಿವಿಸಿ ಎಂಡ್ ಕ್ಯಾಪಿಗೆ ಟ್ಯೂಬ್‌ಲೆಸ್ ವಾಲ್ವ್ ಸಿಕ್ಕಿಸಿದರೆ ಇನ್ನೂರೈವತ್ತು ರೂಪಾಯಿಗೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಹಲವರು ಹಾಗೇ ಮಾಡುತ್ತಾರೆ, ಕೆಲಸವೂ ಆಗುತ್ತದೆ. ಆದರೆ ಪಿವಿಸಿ ನೀರಿನ ಒತ್ತಡಕ್ಕೆ ಮಾಡಿದ್ದು, ಒತ್ತಿದ ಹವಾಕ್ಕಲ್ಲ. ಒಡೆದರೆ ಚೂರುಚೂರಾಗಿ ಸಿಡಿಯುತ್ತದೆ. ನಮ್ಮ ಬಿಸಿಲಿನಲ್ಲಿ ಗೋಡೆ ಹೊರಗಿನ ಪಿವಿಸಿ ಪೈಪು ಹೇಗೆ ಬೆಳ್ಳಗಾಗಿ ಬಿರುಸಾಗುತ್ತದೆ ಎಂದು ಎಲ್ಲರೂ ನೋಡಿದ್ದೇವೆ. ದುಡ್ಡು ಉಳಿಸಲೇಬೇಕೆಂದರೆ ಲೇತ್ ಅಂಗಡಿಗೆ ಹೋಗಿ. ಕಪನೂರ ಕೈಗಾರಿಕಾ ಪ್ರದೇಶದ ಕಡೆ ಲೇತ್ ಕೆಲಸದವರು ಇದ್ದಾರೆ. ನೈಲಾನ್ ರಾಡಿನ ತುಂಡಿನಲ್ಲಿ ನಿಮ್ಮ ಟರ್ಬೊ ಮೂತಿಯ ಅಳತೆಗೇ ಕಡೆಸಿ, ತುದಿಯಿಂದ 8 ಮಿ.ಮೀ. ಬಿಟ್ಟು ಒಂದು ಮಿ.ಮೀ. ಉಬ್ಬು ಇಡಲು ಹೇಳಿ. ಟರ್ಬೊ ಮೂತಿ ಕಿಟ್‌ನ ಎರಡು ಮೆಟ್ಟಿಲುಗಳ ನಡುವೆ, 70 ಮಿ.ಮೀ. ಎಂದಿಟ್ಟುಕೊಳ್ಳಿ, ಬಿದ್ದರೂ ಇದೇ ದಾರಿ. ಸಿಲಿಕಾನ್ ಕಪ್ಲರನ್ನು ಎಳೆದು ಹಿಗ್ಗಿಸಿ ಕೂರಿಸುವುದು ಬೇಡ.

ಪರೀಕ್ಷೆ ಮಾಡುವ ಕ್ರಮದಲ್ಲೂ ಕಿಟ್‌ನ ಸೂಚನಾ ಚೀಟಿ ಸಾಲದು. ‘ಏರ್ ಫಿಲ್ಟರ್ ಜಾಗದಲ್ಲಿ ಹಾಕಿ’ ಎಂದಷ್ಟೇ ಅದರಲ್ಲಿದೆ. 4ಜಿ63ಗೆ ಅದು ತಪ್ಪು ಸಲಹೆ. ಕಾರ್ಮನ್ ಸೆನ್ಸರ್ ಡಬ್ಬಿ ಒತ್ತಡ ತಡೆಯುವಂಥದ್ದಲ್ಲ, ಅದೇ ಸೋರುತ್ತದೆ, ಹಾಳೂ ಆಗಬಹುದು. ಅದಕ್ಕಿಂತ ಮುಖ್ಯವಾಗಿ, ಸೆನ್ಸರ್‌ಗೂ ಟರ್ಬೊಗೂ ನಡುವಿನ ರಬ್ಬರ್ ಪೈಪಿಗೆ ವಾಲ್ವ್ ಕವರ್‌ನ ಬ್ರೀದರ್ ಹೋಸು ಸೇರಿಕೊಂಡಿರುತ್ತದೆ. ಅಲ್ಲಿಂದ ಹವಾ ತುಂಬಿದರೆ ನೇರ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲುಗಳನ್ನು ನೂಕುತ್ತದೆ. ಆ ರಬ್ಬರ್ ಪೈಪು ಪೂರ್ತಿ ಬಿಚ್ಚಿ, ಟೆಸ್ಟರನ್ನು ಟರ್ಬೊ ಮೂತಿಗೇ ಹಾಕಬೇಕು.

ಪೈಪು ಬಿಚ್ಚಿದಾಗ ಸಿಗುವ ಅವಕಾಶ ಬಿಡಬೇಡಿ, ಟರ್ಬೊವನ್ನೇ ನೋಡಿ. ಕಂಪ್ರೆಸರ್ ಚಕ್ರವನ್ನು ಬೆರಳಲ್ಲಿ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು. ಪಕ್ಕಕ್ಕೆ ಸ್ವಲ್ಪ ಅಲ್ಲಾಡುವುದು ಸಹಜ, ಆಯಿಲ್ ಪದರದ ಮೇಲೆ ತೇಲುವ ಬೇರಿಂಗ್ ಅದು. ಆದರೆ ಅಲ್ಲಾಡಿಸಿದಾಗ ರೆಕ್ಕೆ ಗೋಡೆಗೆ ತಾಗಬಾರದು, ಹಿಂದೆ ಮುಂದೆ ಎಳೆದರೆ ಕೈಗೆ ಆಟ ಸಿಗಬಾರದು. ಈ ಎರಡೂ ಸರಿ ಇದ್ದು, ನೀಲಿ ಹೊಗೆಯೂ ಇಲ್ಲದಿದ್ದರೆ ‘ಟರ್ಬೊ ಹೋಗ್ಯಾದ’ ಎನ್ನುವ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಬಿಚ್ಚಿದ ರಬ್ಬರ್ ಪೈಪಿನ ಒಳಗೂ ಬೆಳಕು ಬಿಟ್ಟು ನೋಡಿ. ಶಹಾಬಾದ್, ವಾಡಿ, ಸೇಡಂ ಕಡೆ ಓಡಾಡುವ ಗಾಡಿಯಾದರೆ ಕಲ್ಲಿನ ಪುಡಿ, ಸಿಮೆಂಟ್ ಧೂಳು ಹವಾದಲ್ಲಿ ಇದ್ದೇ ಇರುತ್ತದೆ. ಪೈಪಿನಲ್ಲಿ ಬಿರುಕಿದ್ದರೆ ಆ ಜಾಗದಿಂದ ಟರ್ಬೊ ಕಡೆಗೆ ಆಯಿಲ್ ತೇವದ ಮೇಲೆ ಬಿಳಿ-ಬೂದು ಬಣ್ಣದ ಒಂದು ಗೆರೆ ಎಳೆದ ಹಾಗೆ ಕಾಣುತ್ತದೆ. ಫಿಲ್ಟರ್ ತಪ್ಪಿಸಿ ಬರುವ ಧೂಳು ಅದು, ಚಕ್ರದ ರೆಕ್ಕೆಯಂಚನ್ನು ಅರದ ಹಾಗೆ ತಿನ್ನುತ್ತದೆ. ಟರ್ಬೊಗಿಂತ ಹಿಂದಿನ ಈ ಭಾಗವನ್ನು ಟೆಸ್ಟರ್ ಪರೀಕ್ಷಿಸುವುದಿಲ್ಲ, ಕಣ್ಣಿಂದಲೇ ನೋಡಬೇಕು.

ಎಂಜಿನ್ ತಣ್ಣಗಿರಲಿ, ಕೀ ತೆಗೆದಿರಲಿ. ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಪಕ್ಕಕ್ಕಿಡಿ. ಮೂತಿಯ ಆಯಿಲ್ ಜಿಡ್ಡನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ, ಟೆಸ್ಟರ್ ಕೂರಿಸಿ, ಎರಡೂ ಕಡೆ ಕ್ಲಾಂಪ್ ಬಿಗಿ ಮಾಡಿ, ಟೆಸ್ಟರ್‌ನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಮೊದಲು 5 ಪಿಎಸ್‌ಐ. ದೊಡ್ಡ ಸೋರಿಕೆ ಇದ್ದರೆ ಇಲ್ಲೇ ‘ಬುಸ್’ ಎಂದು ಕಿವಿಗೆ ಬೀಳುತ್ತದೆ. ಅದನ್ನು ಸರಿ ಮಾಡಿ 10ಕ್ಕೆ ಏರಿಸಿ, ಆಮೇಲೆ 15. ನೀವು ಓಡಿಸುವ ಬೂಸ್ಟಿಗಿಂತ ಎರಡು ಪಿಎಸ್‌ಐ ಹೆಚ್ಚು ಸಾಕು, ಏನೇ ಆದರೂ 20 ದಾಟಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಪಾಲು, ನೀರು ಹತ್ತು ಪಾಲು ಸ್ಪ್ರೇ ಬಾಟಲಿಯಲ್ಲಿ ಕಲಸಿ ಪ್ರತಿ ಜಾಯಿಂಟಿಗೂ ಹೊಡೆಯಿರಿ. ಅಕ್ಕಪಕ್ಕದಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ನಡೆಯುವ ಜಾಗದಲ್ಲಿ ಕೂತರೆ ಸಣ್ಣ ಸೋರಿಕೆಯ ಸದ್ದು ಕೇಳುವುದೇ ಇಲ್ಲ. ನಸುಕಿನಲ್ಲಿ ಮಾಡಿದರೆ ಕಿವಿಯೇ ಅರ್ಧ ಕೆಲಸ ಮಾಡುತ್ತದೆ.

ಗಾಡಿಯಲ್ಲಿ ಬೂಸ್ಟ್ ಗೇಜಿದ್ದರೆ ಅದನ್ನೂ ನೋಡುತ್ತಿರಿ. ಟೆಸ್ಟರ್ ಗೇಜು ಥ್ರಾಟಲ್‌ಗಿಂತ ಹಿಂದಿನ ಒತ್ತಡ ಹೇಳುತ್ತದೆ, ಮೆಕ್ಯಾನಿಕಲ್ ಬೂಸ್ಟ್ ಗೇಜು ಮ್ಯಾನಿಫೋಲ್ಡ್‌ನದ್ದು. ಥ್ರಾಟಲ್ ಮುಚ್ಚಿದ್ದಾಗ ಹವಾ ಐಡ್ಲಿಂಗ್ ದಾರಿಯಿಂದ ನಿಧಾನವಾಗಿ ಒಳಗೆ ಹೋಗಿ ಎರಡೂ ಸಮ ಆಗಬೇಕು. ಇಲ್ಲಿ 15 ನಿಂತಿದೆ, ಅಲ್ಲಿ 9ರ ಮೇಲೆ ಏರುತ್ತಿಲ್ಲ ಎಂದರೆ ಸೋರಿಕೆ ಮ್ಯಾನಿಫೋಲ್ಡ್ ಕಡೆಗಿದೆ. ಹುಡುಕುವ ಜಾಗ ಅರ್ಧಕ್ಕಿಳಿಯಿತು. ಇದನ್ನು ಯಾವ ಸೂಚನಾ ಚೀಟಿಯೂ ಹೇಳುವುದಿಲ್ಲ, ಆದರೆ ಈ ಒಂದು ಹೋಲಿಕೆಯಿಂದ ಉಳಿಯುವ ಸಮಯ ಬಹಳ.

ಈ ಎಂಜಿನ್‌ನಲ್ಲಿ ಮೊದಲು ನೋಡಬೇಕಾದ್ದು ಥ್ರಾಟಲ್ ಶಾಫ್ಟಿನ ಎರಡು ತುದಿ. ಮೂವತ್ತು ವರ್ಷದ ರಬ್ಬರ್ ಸೀಲು ಕಲ್ಲಾಗಿರುತ್ತದೆ. ಸೋಪು ನೀರು ಬಿದ್ದ ಕೂಡಲೇ ಕೇಬಲ್ ಚಕ್ರದ ಹಿಂದಿನಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ನೋಡನೋಡುತ್ತಲೇ ಉಕ್ಕುವ ಹಾಲಿನ ಹಾಗೆ ನೊರೆ ಬೆಳೆದು ಬ್ರಾಕೆಟ್ ಮೇಲೆ ಹರಿಯುತ್ತದೆ. ಕ್ಲಿಪ್ಪು ಬಿಗಿ ಮಾಡಿ ಹೋಗುವ ಸೋರಿಕೆ ಇದಲ್ಲ. ಥ್ರಾಟಲ್ ಬಾಡಿ ಕೆಳಗಿಳಿಸಿ, ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ಶಾಫ್ಟ್ ಎಳೆದು ಹೊಸ ಸೀಲು ಹಾಕಬೇಕು. ಆ ಸ್ಕ್ರೂಗಳ ಹಿಂತುದಿಯನ್ನು ಕಂಪನಿಯಲ್ಲಿ ಜಜ್ಜಿರುತ್ತಾರೆ. ಅದನ್ನು ಅರದಿಂದ ತೀಡದೆ ತಿರುಗಿಸಿದರೆ ಚೂಡಿ ಹೋಗುತ್ತದೆ. ವಾಪಸ್ ಹಾಕುವಾಗ ಹೊಸ ಸ್ಕ್ರೂ, ಲಾಕ್‌ಟೈಟ್ ಕಡ್ಡಾಯ. ಬಿಚ್ಚಿಕೊಂಡ ಸ್ಕ್ರೂ ನೇರ ಸಿಲಿಂಡರಿಗೆ ಬೀಳುತ್ತದೆ.

ಥ್ರಾಟಲ್ ಕೈಯಲ್ಲಿದ್ದಾಗಲೇ ಐಡ್ಲಿಂಗ್ ಸ್ಕ್ರೂನ ಓ-ರಿಂಗು, ಕೆಳಗಿನ ಫಾಸ್ಟ್ ಐಡಲ್ ಭಾಗದ ಗ್ಯಾಸ್ಕೆಟ್ಟು ಬದಲಿಸಿಬಿಡಿ. ಐಡ್ಲಿಂಗ್ ಮೋಟರಿನ ಕಾಯಿಲುಗಳನ್ನೂ ಮಲ್ಟಿಮೀಟರಿನಲ್ಲಿ ನೋಡಿ. ಮೊದಲ ತಲೆಮಾರಿನ ಎಂಜಿನ್‌ಗಳಲ್ಲಿ 20 ಡಿಗ್ರಿಯಲ್ಲಿ 28ರಿಂದ 33 ಓಮ್ ಇರಬೇಕು. ನಮ್ಮ ಬ್ಯಾಸಿಗೆಯಲ್ಲಿ ಎರಡು ಮೂರು ಓಮ್ ಹೆಚ್ಚು ತೋರಿಸಿದರೆ ಗಾಬರಿ ಬೇಡ, ತಾಮ್ರ ಕಾದರೆ ಹಾಗೆಯೇ. ಬಹಳ ಕಮ್ಮಿ ತೋರಿಸಿದರೆ ಕಾಯಿಲು ಶಾರ್ಟ್, ಆ ಮೋಟರನ್ನು ಹಾಗೇ ಓಡಿಸಿದರೆ ಇಸಿಯು ಒಳಗಿನ ಡ್ರೈವರನ್ನೂ ಸುಡುತ್ತದೆ.

ಇಂಜೆಕ್ಟರ್ ಬುಡದ ರಬ್ಬರ್, ಬ್ರೇಕ್ ಬೂಸ್ಟರ್ ಹೋಸಿನ ಚೆಕ್ ವಾಲ್ವ್, ಬೂಸ್ಟ್ ಗೇಜಿಗೆ ಯಾರೋ ಹಾಕಿದ ಪ್ಲಾಸ್ಟಿಕ್ ಟೀ (T ಆಕಾರದ ಜೋಡಣೆ): ಇವು ಆಮೇಲಿನವು. ಬ್ಲೋ ಆಫ್ ವಾಲ್ವ್ ವಿಷಯದಲ್ಲಿ, ಎವೊ 8ರ ಪ್ಲಾಸ್ಟಿಕ್ ವಾಲ್ವ್ ಬೂಸ್ಟ್ ಏರಿಸಿದವರಿಗೆ ನಿಲ್ಲುವುದಿಲ್ಲ, ಲೋಹದ್ದೇ ಬೇಕು. ಹಾಕಿದ್ದನ್ನು ಹೊರಗೆ ಊದಲು ಬಿಡದೆ ಇನ್‌ಟೇಕಿಗೇ ವಾಪಸ್ ಜೋಡಿಸಿ. ಎಣಿಸಿದ ಹವಾ ಹೊರಗೆ ಬಿಟ್ಟರೆ ಗೇರ್ ಬದಲಿಸುವಾಗಲೆಲ್ಲ ಮಿಶ್ರಣ ದಪ್ಪಗಾಗಿ ಗಾಡಿ ಎಡವುತ್ತದೆ. ಆ ‘ಪ್ಸ್ಶ್’ ಸದ್ದಿಗಾಗಿ ಇಷ್ಟು ಕಳೆದುಕೊಳ್ಳುವುದು ಬೇಡ.

ಆಯಿಲ್ ಮುಚ್ಚಳದ ತೂತಿನಿಂದ ಹವಾ ಬರುತ್ತಿದೆಯೇ ಎಂದೂ ಕೈ ಹಿಡಿದು ನೋಡಿ. ಸ್ವಲ್ಪ ಬಂದರೆ ರಿಂಗುಗಳ ಸಂದಿನಿಂದ ಬರುವಂಥದ್ದು, ಎಲ್ಲ ಎಂಜಿನ್‌ನಲ್ಲೂ ಇರುತ್ತದೆ. ಜೋರಾಗಿ ಊದುತ್ತಿದ್ದರೆ ಕ್ರ್ಯಾಂಕ್‌ಕೇಸಿನ ಆವಿಯನ್ನು ಮ್ಯಾನಿಫೋಲ್ಡಿಗೆ ಬಿಡುವ ಪಿಸಿವಿ ವಾಲ್ವ್ ಒಳಗೆ ಮುಚ್ಚುತ್ತಿಲ್ಲ. ಅದರ ಹೋಸನ್ನು ಪಕ್ಕಡ್‌ನಿಂದ ಮೆಲ್ಲಗೆ ಒತ್ತಿ ಹಿಡಿದರೆ ಊದುವುದು ನಿಂತರೆ ಖಾತ್ರಿ. ಸಣ್ಣ ದುಡ್ಡಿನ ವಾಲ್ವ್, ಆದರೆ ಅದು ಕೆಟ್ಟರೆ ಬೂಸ್ಟೆಲ್ಲ ಕ್ರ್ಯಾಂಕ್‌ಕೇಸಿಗೆ ಹೋಗಿ ಎಲ್ಲ ಸೀಲುಗಳಿಂದ ಆಯಿಲ್ ಸೋರಲು ಶುರುವಾಗುತ್ತದೆ. ಸೈಲೆನ್ಸರಿನಿಂದ ಹವಾ ಬರುತ್ತಿದ್ದರೆ ಯಾವುದೋ ಸಿಲಿಂಡರ್ ಎರಡೂ ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತಿದೆ. ಎಂಜಿನ್ ಓಡುವ ದಿಕ್ಕಿನಲ್ಲೇ ಪಾನಾದಿಂದ ಕ್ರ್ಯಾಂಕ್ ಸ್ವಲ್ಪ ತಿರುಗಿಸಿ ಮತ್ತೆ ನೋಡಿ. ಎಲ್ಲಿ ತಿರುಗಿಸಿದರೂ ಬರುತ್ತಿದ್ದರೆ ಸುಟ್ಟ ವಾಲ್ವ್ ಇರಬಹುದು, ಕಂಪ್ರೆಷನ್ ಪರೀಕ್ಷೆ ಮಾಡಿಸಿ.

ಎಲ್ಲ ಮುಚ್ಚಿದ ಮೇಲೆ ಜನ ಮಾಡುವ ತಪ್ಪು, ಅದೇ ಸಂಜೆ ಹುಮನಾಬಾದ್ ರಸ್ತೆಗೆ ಇಳಿದು ಪೂರ್ತಿ ಆಕ್ಸಲರೇಟರ್ ಒತ್ತುವುದು. ದಯವಿಟ್ಟು ಹಾಗೆ ಮಾಡಬೇಡಿ. ಸೋರುವಾಗ ಮಿಶ್ರಣ ದಪ್ಪಗಿತ್ತು, ಮುಚ್ಚಿದ ಮೇಲೆ ತೆಳ್ಳಗಾಗುತ್ತದೆ. ಹಿಂದೆ ಯಾರಾದರೂ ಕಪ್ಪು ಹೊಗೆ ಕಂಡು ಫ್ಯೂಯಲ್ ಕಂಟ್ರೋಲರಿನಲ್ಲಿ ಪೆಟ್ರೋಲ್ ಕಮ್ಮಿ ಮಾಡಿಟ್ಟಿದ್ದರೆ ಈಗ ಅದು ಅಪಾಯಕಾರಿಯಾಗಿ ತೆಳ್ಳಗೆ. ಅದರ ಮೇಲೆ ಈಗ ಪೆಟ್ರೋಲ್ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ ಅದೇ ಹವಾಕ್ಕೆ ಶೇಕಡಾ 7–8ರಷ್ಟು ಹೆಚ್ಚು ಇಂಧನ ಬೇಕು. ನಿಧಾನ ಓಟದಲ್ಲಿ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿ ಸರಿದೂಗಿಸುತ್ತದೆ, ಪೂರ್ತಿ ಬೂಸ್ಟಿನಲ್ಲಿ ಅದು ಸೆನ್ಸರ್ ಕಡೆ ನೋಡುವುದೇ ಇಲ್ಲ. ಇಸಿಯು ಒಳಗಿನ ಹಳೆಯ ಇಂಧನ ಲೆಕ್ಕದಲ್ಲಿ (ಮ್ಯಾಪ್) ಲ್ಯಾಂಬ್ಡಾ (1 ಅಂದರೆ ಸಮ ಮಿಶ್ರಣ, ಅದಕ್ಕಿಂತ ಕಮ್ಮಿಯಾದಷ್ಟೂ ದಪ್ಪ) 0.78 ಬರುತ್ತಿದ್ದ ಜಾಗದಲ್ಲಿ 0.84 ಬರುತ್ತದೆ. ಎಷ್ಟೋ ಗಾಡಿಗಳಲ್ಲಿ ಸೋರಿಕೆಯೇ ಈ ಕೊರತೆಯನ್ನು ಮುಚ್ಚಿಟ್ಟುಕೊಂಡಿರುತ್ತದೆ. ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಮೀಟರ್ ಇಲ್ಲದೆ ಮುಂದೆ ಹೋಗಬೇಡಿ. ಅದನ್ನು ಪೆಟ್ರೋಲಿನ ಹವಾ-ಇಂಧನ ಅನುಪಾತದ ಅಂಕಿಯಲ್ಲಿ ಓದದೆ ಲ್ಯಾಂಬ್ಡಾದಲ್ಲಿ ಓದಿ, ಪೂರ್ತಿ ಬೂಸ್ಟಿನಲ್ಲಿ 0.76–0.80ರ ಒಳಗಿರಲಿ. ಮೇಲೆ ಹೋದರೆ ತಕ್ಷಣ ಕಾಲು ತೆಗೆಯಿರಿ. ಗಾಡಿಯ ಫ್ಯೂಯಲ್ ಪಂಪಿನ ತಂತಿಯಲ್ಲೂ ಕೊರತೆ ಇರಬಹುದು. ಎಂಜಿನ್ ಓಡುವಾಗ ಬ್ಯಾಟರಿಗೂ ಫ್ಯೂಯಲ್ ಪಂಪಿಗೂ ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ 4 ಚದರ ಮಿ.ಮೀ. ತಂತಿ, ಒಂದು ರಿಲೇ, 20 ಆಂಪ್ ಫ್ಯೂಸು ಹಾಕಿ ಬ್ಯಾಟರಿಯಿಂದ ನೇರ ಎಳೆಯಿರಿ.

ಬೂಸ್ಟ್ ಕೂಡ ತಾನಾಗಿ ಏರಿರುತ್ತದೆ, ಯಾರೋ ಹಿಂದೆ ಬೂಸ್ಟ್ ಕಂಟ್ರೋಲರ್ ತಿರುಗಿಸಿ ಸೋರಿಕೆಯನ್ನು ಸರಿದೂಗಿಸಿದ್ದರಂತೂ ಇನ್ನೂ ಹೆಚ್ಚು. ಕಂಟ್ರೋಲರನ್ನು ಪೂರ್ತಿ ಕಮ್ಮಿಗೆ ತಿರುಗಿಸಿ, ಮೂರನೇ ಗೇರಿನಲ್ಲಿ ಅರ್ಧ ಆಕ್ಸಲರೇಟರಿನಿಂದ ಶುರುಮಾಡಿ. ಬೂಸ್ಟನ್ನು ಹತೋಟಿಯಲ್ಲಿಡುವ ವೇಸ್ಟ್‌ಗೇಟಿನ ಹೋಸು ಮಾತ್ರ ಇದಕ್ಕೆ ಉಲ್ಟಾ. ಅದರಲ್ಲಿ ಬಿರುಕಿದ್ದರೆ ಬೂಸ್ಟ್ ಬೀಳುವುದಿಲ್ಲ, ಹತೋಟಿ ತಪ್ಪಿ ಏರುತ್ತದೆ. ಅದನ್ನು ಪರೀಕ್ಷೆ ಸಮಯದಲ್ಲೇ ಸೋಪು ನೀರು ಹೊಡೆದು ನೋಡಿರಬೇಕು.

ಹವಾ ಎಲ್ಲೂ ಸೋರುತ್ತಿಲ್ಲ, ಆದರೂ ಐಡ್ಲಿಂಗ್ ಕುಣಿಯುತ್ತದೆ ಎಂದರೆ 1990ರ ದಶಕದ ಶುರುವಿನ ಗಾಡಿಗಳಲ್ಲಿ ಇಸಿಯು ಡಬ್ಬಿ ತೆರೆಯಿರಿ. ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಸೋರುವುದು ಇವುಗಳಲ್ಲಿ ಹೆಸರಾದ ಕಾಯಿಲೆ. ಮೀನಿನ ವಾಸನೆ ಮೂಗಿಗೆ ಬಡಿದರೆ ಅನುಮಾನವೇ ಬೇಡ. ಅದೇ ಮೌಲ್ಯದ, 105 ಡಿಗ್ರಿ ದರ್ಜೆಯವನ್ನು ಟಿವಿ ರಿಪೇರಿ ಮಾಡುವ ಒಳ್ಳೆಯ ಕೈಯವರಿಂದ ಹಾಕಿಸಬಹುದು.

ಬೇರೆ ಜಪಾನಿ ಗಾಡಿಗಳಿಗೂ ಕಿಟ್ ನಡೆಯುತ್ತದೆ. ನಿಸ್ಸಾನ್ ಎಸ್‌ಆರ್20, ಆರ್‌ಬಿ25 ಎಂಜಿನ್‌ಗಳಲ್ಲಿ ಸೆನ್ಸರ್ ಹಾಟ್‌ವೈರ್ (ಕಾದ ತಂತಿಯಿಂದ ಹವಾ ಅಳೆಯುವ) ಜಾತಿ, ಲಕ್ಷಣ ಇಲ್ಲಿನಂತೆಯೇ. ಜಪಾನಿನ ಒಳಮಾರುಕಟ್ಟೆಯ ಟೊಯೋಟಾ 2ಜೆಝಡ್ ಟರ್ಬೊದಲ್ಲಿ ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುವಂಥದ್ದು) ಇರುವುದರಿಂದ ಸೋರಿದರೂ ಮಿಶ್ರಣ ದಪ್ಪಗಾಗುವುದಿಲ್ಲ, ಬೂಸ್ಟ್ ಮಾತ್ರ ಸೊರಗುತ್ತದೆ. ಕಪ್ಪು ಹೊಗೆ ಕಾಯುತ್ತಾ ಕೂತರೆ ಸೋರಿಕೆ ಸಿಗುವುದೇ ಇಲ್ಲ. ನಿಸ್ಸಾನ್ ಆರ್‌ಬಿ26ರಂಥ ಜೋಡಿ ಟರ್ಬೊಗೆ ಎರಡು ಮುಚ್ಚಳ ಬೇಕು, ಈ ಕಿಟ್ ಒಂದರಲ್ಲಿ ಆಗುವುದಿಲ್ಲ.

ಅಲ್ಯೂಮಿನಿಯಂ ತುಂಡಿಗೆ ಹತ್ತಕ್ಕೆ ಒಂಬತ್ತು ಕೊಡಬಹುದು, ಗೇಜಿಗೆ ಎರಡು, ಕ್ಲಿಪ್ಪುಗಳಿಗೆ ಸೊನ್ನೆ. ಗೇಜು, ರೆಗ್ಯುಲೇಟರ್, ಕ್ಲಾಂಪ್ ಸೇರಿ ಇನ್ನೂ ಒಂದೂವರೆ ಸಾವಿರ ಹಿಡಿಯುತ್ತದೆ. ಬೂಸ್ಟ್ ಕಂಟ್ರೋಲರ್, ದೊಡ್ಡ ಸೈಲೆನ್ಸರ್, ದೊಡ್ಡ ಇಂಟರ್‌ಕೂಲರ್ ಯಾವುದಕ್ಕೇ ಕೈ ಹಾಕುವ ಮುಂಚೆ ಈ ನಾಲ್ಕು ಸಾವಿರ ಹಾಕಿ. ಸೋರುವ ಪೈಪಿಗೆ ಜೋಡಿಸಿದ ದೊಡ್ಡ ಸಾಮಾನು ಸೋರಿಕೆಯನ್ನೇ ದೊಡ್ಡದು ಮಾಡುತ್ತದೆ.

ಹೊಸ ಸಿಲಿಕಾನ್ ಕಪ್ಲರ್ ಹಾಕಿದ್ದರೆ 500 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ 15 ಪಿಎಸ್‌ಐ ತುಂಬಿ ನೋಡಿ. ಬಿಸಿಗೆ ಸಿಲಿಕಾನ್ ಕೂತುಕೊಂಡು ಕ್ಲಾಂಪ್ ಸಡಿಲಾಗಿರುತ್ತದೆ. ಈ ಸಲ ಎಂಜಿನ್ ಬಿಸಿ ಇರುವಾಗಲೇ ಮಾಡಿ, ಟರ್ಬೊ, ಎಕ್ಸಾಸ್ಟ್ ಕಡೆ ಕೈ ಹೋಗದಂತೆ ದಪ್ಪ ಗ್ಲೌಸ್ ಹಾಕಿಕೊಂಡು. ತಣ್ಣಗಿದ್ದಾಗ ಬಾಯಿ ಮುಚ್ಚಿಕೊಂಡಿದ್ದ ಬಿರುಕು ಕೆಲವು ಸಲ ಕಾದ ಮೇಲೆಯೇ ತೆರೆದುಕೊಳ್ಳುತ್ತದೆ.